ಒಂದೂವರೆ ಕಿಲೋ

ನಾನು ಉಕ್ಕಿನ ಒಂದು ಸುರುಳಿ. ಜನ ಸ್ಪ್ರಿಂಗ್ ಎನ್ನುತ್ತಾರೆ. ಕಾರ್ಖಾನೆಯಲ್ಲಿ ನನ್ನನ್ನು ಕಾಯಿಸಿ, ಸುತ್ತಿ, ಮಕ್ಕಳನ್ನು ತೂಗುವ ತಕ್ಕಡಿಯ ಹೊಟ್ಟೆಯೊಳಗೆ ಕೂರಿಸಿದರು. ಭಾರ ಬಿದ್ದಷ್ಟು ಹಿಗ್ಗಬೇಕು, ಇಳಿಸಿದೊಡನೆ ಮೊದಲಿನಂತಾಗಬೇಕು. ಇಷ್ಟೇ ನನ್ನ ಕಸುಬು, ಅದರ ಜಂಬವೂ ನನಗಿತ್ತು.

ಕೊಪ್ಪಳದ ಕಡೆಯ ಒಂದು ಅಂಗನವಾಡಿಯ ತೊಲೆಗೆ ನನ್ನನ್ನು ನೇತುಹಾಕಿದರು. ಅಲ್ಲಿನ ಟೀಚರ್ ಹಂಪಮ್ಮನಿಗೆ ಪಾಠದ ಹುಚ್ಚು. ಒಂದು ದಿನ ಒತ್ತಿದರೆ, ಎಳೆದರೆ ವಸ್ತುಗಳ ಆಕಾರ ಹೇಗೆ ಬದಲಾಗುತ್ತದೆಂದು ತೋರಿಸುತ್ತಿದ್ದರು. ಹಸಿಮಣ್ಣು ಒತ್ತಿದ ಹಾಗೆಯೇ ಉಳಿಯಿತು. ಸೈಕಲ್ ಟ್ಯೂಬಿನ ತುಂಡು ಎಳೆದು ಬಿಟ್ಟರೆ ಮುದುಡಿಕೊಂಡಿತು. ಆಮೇಲೆ ನನ್ನ ಕೊಕ್ಕೆಗೆ ಹಗ್ಗ ಕಟ್ಟಿದರು.

"ಎಲ್ಲಾರೂ ಕೂಡಿ ಜಗ್ರಿ. ಮುಳ್ಳು ಹೆಂಗ ಓಡತೈತಿ ನೋಡ್ರಿ!"

ಏಳು ಮಕ್ಕಳು ಜೋತುಬಿದ್ದರು. ಅವರು ಹಗ್ಗ ಬಿಟ್ಟ ಮೇಲೂ ನಾನು ಪೂರ್ತಿ ಕುಗ್ಗಲಿಲ್ಲ. ಹಾಳಾದೆನೆಂದು ನನಗೆ ಆಗಲೇ ಗೊತ್ತಾಯಿತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಅಡುಗೆಯ ಬಸಮ್ಮ ಮರುದಿನವೇ ಗಮನಿಸಿದಳು. "ಟೀಚರ್, ಕೂಸು ಇಲ್ದಾಗನೂ ಮುಳ್ಳು ಒಂದೂವರಿಗೆ ನಿಂತೈತ್ರಿ."

"ಕೂಸು ಕುಂದ್ರಸೋ ಜೋಲಿ ಭಾರ ಇರತೈತಿ ಬಿಡ," ಎಂದರು ಟೀಚರ್. ಆ ಭಾರವನ್ನು ಕಳೆದು ಬರೆಯಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಹುಲಿಗೆವ್ವನ ಮಗಳು ಅಂಬಿಕಾಗೆ ಆಗ ಎರಡು ವರ್ಷ. ಜೋಲಿಯಲ್ಲಿ ಕುಳಿತಾಗ ಅವಳ ಕಾಲುಗಳು ಕಡ್ಡಿಯಂತೆ ತೂಗಾಡುತ್ತಿದ್ದವು. ಮುಳ್ಳು ಒಂಬತ್ತು ತೋರಿಸಿತು.

"ಎತ್ತಿಕೊಂಡ್ರ ಭಾರನ ಅನ್ಸವಲ್ದ್ರಿ. ದೊಡ್ಡ ದವಾಖಾನಿಗೆ ಚೀಟಿ ಬರದು ಕೊಡ್ರಿ," ಎಂದಳು ಹುಲಿಗೆವ್ವ.

"ಒಂಬತ್ತು ಐತಿ ನೋಡವ್ವ. ಹೆದರಬ್ಯಾಡ."

ಮೂರು ತಿಂಗಳು ಇದೇ ಮಾತು. ಏಳೂವರೆ, ಏಳೂವರೆ ಎಂದು ಕೂಗಿಕೊಳ್ಳಲು ನನಗೆ ಬಾಯಿಲ್ಲ. ನಾಲ್ಕನೆಯ ತಿಂಗಳು ಅಂಬಿಕಾ ಬರಲಿಲ್ಲ. ಎರಡೇ ದಿನದ ಭೇದಿಗೆ ಮಗು ಹೋಗಿಬಿಟ್ಟಿತ್ತು.

ಹುಲಿಗೆವ್ವ ಮತ್ತೆ ಬಂದದ್ದು ಬಸುರಿಯರಿಗೆ ಕೊಡುವ ಬೇಳೆ ಒಯ್ಯಲು. ಪ್ಯಾಕೆಟ್ಟಿನ ಮೇಲೆ ಒಂದು ಕಿಲೋ ಎಂದು ಅಚ್ಚಾಗಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಯಾರನ್ನೂ ಕೇಳದೆ ಜೋಲಿ ಬಿಚ್ಚಿ ಕೆಳಗಿಟ್ಟು, ಪ್ಯಾಕೆಟ್ಟನ್ನು ಚೀಲಕ್ಕೆ ಹಾಕಿ ನನ್ನ ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ಎರಡೂವರೆಗೆ ಹೋಗಿ ನಿಂತಿತು.

"ಹಂಗಾರ ನನ್ನ ಮಗಳು ಎಷ್ಟಿದ್ಲ್ರಿ, ಟೀಚರ್?"

ಹಂಪಮ್ಮ ತೂಕದ ಪುಸ್ತಕ ತೆರೆದು, ಅಂಬಿಕಾಳ ಹೆಸರಿನ ಮುಂದಿದ್ದ ಒಂಬತ್ತನ್ನು ಹೊಡೆದುಹಾಕಿ ಏಳೂವರೆ ಎಂದು ಬರೆದರು.

ಈಗ ನಾನು ಬೀರುವಿನ ಮೇಲೆ ತುಕ್ಕು ಹಿಡಿಯುತ್ತಿದ್ದೇನೆ. ಕೆಳಗೆ ಹೊಸ ತೂಕದ ಯಂತ್ರವಿದೆ. ಮುರಿದಿದ್ದರೆ ಅಂದೇ ಎಸೆಯುತ್ತಿದ್ದರು, ಆ ಮಗು ಬದುಕುತ್ತಿತ್ತೇನೋ. ನಾನು ಮುರಿಯಲಿಲ್ಲ, ಬರೀ ಸ್ವಲ್ಪ ಉದ್ದವಾದೆ. ಹುಲಿಗೆವ್ವನಿಗೆ ಗಂಡು ಮಗುವಾಗಿದೆಯಂತೆ. ಟೀಚರ್ ಮೂರು ಸಲ ಮನೆಗೆ ಹೋಗಿ ಕರೆದರೂ ಅವಳು ಅದನ್ನು ಇಲ್ಲಿಗೆ ತಂದಿಲ್ಲ.