ಹಳ್ಳದಾಚೆಯ ಮನೆಯ ರುಜು

“ದೂರು ಏನಾದ್ರೂ ಇದ್ಯೇನಮ್ಮಾ?” ಕಾನ್‌ಸ್ಟೇಬಲ್ ಕ್ರೂಮ್ ಕುದುರೆಯಿಂದ ಇಳಿಯದೆಯೇ ಕೇಳಿದ.

“ಐತೆ,” ಅಂದಳು ಯೆವ್ದೋಖಾ. “ನಮ್ಮೆತ್ತು ಕಳುವಾಗಿ ಮೂರು ವಾರ ಆತು.”

ಕ್ರೂಮ್ ಇಳಿಯಲೇಬೇಕಾಯಿತು. ವಿಸ್ಕಿ ಮಾರುವವರನ್ನು ಓಡಿಸಲೆಂದು ಇಪ್ಪತ್ತೈದು ವರ್ಷಗಳ ಹಿಂದೆ ಈ ಹುಲ್ಲುಬಯಲಿಗೆ ಬಂದ ಕುದುರೆ ಪೊಲೀಸ್ ಪಡೆಯ ಪೌರುಷವೆಲ್ಲ ಈಗ ಒಂದು ಚೀಟಿಯಲ್ಲಿ ಬಂದು ಕೂತಿತ್ತು. ಗಸ್ತಿನವನು ಪ್ರತಿ ಗುರುವಾರ ಮನೆಮನೆಗೂ ಹೋಗಿ ದೂರು ಕೇಳಿ, ಮನೆಯವರ ರುಜು ಹಾಕಿಸಿ ಇನ್ಸ್‌ಪೆಕ್ಟರರಿಗೆ ಒಪ್ಪಿಸಬೇಕು. ಕಡಲಾಚೆಯ ಗಲೀಷಿಯಾದಿಂದ ವಲಸೆ ಬಂದ ಈ ರೈತ ಜನರಲ್ಲಿ ಬರಹ ಬಾರದವರು ರುಜುವಿಗೆ ಬದಲು ಶಿಲುಬೆ ಗೀಚುತ್ತಿದ್ದರು. ಹಳ್ಳದಾಚೆಯ ಈ ಒಂಟಿ ಮನೆಗೆ ಬಂದುಹೋಗಲು ಅರ್ಧ ದಿನ ಬೇಕು. ಶಿಲುಬೆ ಗೀಚಲು ಯಾರ ಕೈಯಾದರೇನು? ಚಳಿಗಾಲ ಪೂರ್ತಿ ಕ್ರೂಮ್ ಠಾಣೆಯ ಒಲೆಯ ಪಕ್ಕದಲ್ಲಿ ಕೂತೇ ‘ದೂರು ಏನೂ ಇಲ್ಲ’ ಎಂದು ಬರೆದು, ತಾನೇ ಗೀಚಿಬಿಟ್ಟಿದ್ದ.

“ಗಂಡ ಎಲ್ಲಿ?”

“ರೈಲು ಹಳಿ ಕೆಲ್ಸಕ್ಕೆ ಹೋಗವ್ನೆ. ಎತ್ತಿನ ಹೆಜ್ಜೆ, ಕಳ್ಳನ ಹೆಜ್ಜೆ, ಎರಡೂ ಹಿಮದ ಮೇಲೆ ಎದ್ದು ಕಾಣ್ತಿತ್ತು. ಗುರುವಾರ ನೀವು ಬರ್ತೀರಿ, ತೋರಿಸಾನ ಅಂತ ಕೋಳಿನೂ ತುಳೀದಂಗೆ ಕಾವಲು ಕೂತಿದ್ದೆ. ಎರಡು ಗುರುವಾರ ಕಾದೆ. ಆಮೇಲೆ ಬಿಸಿಗಾಳಿ ಬೀಸ್ತು, ಎಲ್ಲಾ ಕರಗೋಯ್ತು. ಇನ್ನು ಉಳುಮೆಗೆ ನಾನೇ ನೊಗ ಹೊರ್ಬೇಕು.”

ಕ್ರೂಮ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕುದುರೆಯ ಜೀನಿನ ಪಟ್ಟಿ ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ. ಮೂರು ವಾರ ಎಂದು ಬರೆದರೆ ಆ ಗುರುವಾರಗಳ ಚೀಟಿಗಳು ಸುಳ್ಳೆಂದು ಬಯಲಾಗಿ ಕೆಲಸ ಹೋಗುತ್ತದೆ. ಹೇಗೂ ಇವಳಿಗೆ ಓದಲು ಬಾರದು. ‘ಎತ್ತು ನಿನ್ನೆ ಕಳುವಾಗಿದೆ’ ಎಂದು ಬರೆದು ಚೀಟಿ ಮುಂದೆ ಹಿಡಿದ.

ಯೆವ್ದೋಖಾ ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಂಡು ಪೆನ್ಸಿಲ್ ಹಿಡಿದಳು. ಅವಳು ಶಿಲುಬೆ ಹಾಕಲಿಲ್ಲ. ಒಂದೊಂದೇ ಅಕ್ಷರ ಕೊರೆಯುತ್ತ ಪೂರ್ತಿ ಹೆಸರು ಬರೆದಳು.

“ಯಾವಾಗ ಕಲಿತ್ರಮ್ಮಾ?”

“ಕ್ರಿಸ್‌ಮಸ್ಸಿಗೇ. ನನ್ನೆಸ್ರು ಒಂದೇ ಬರೋದು. ನಿಮ್ಮ ಚೀಟಿಗೆ ಅಂತಾನೇ ಪಾದ್ರಿ ಹೆಂಡ್ತಿ ಹತ್ರ ಕಲ್ತೆ. ನೀವು ಬರ್ಲೇ ಇಲ್ಲ.” ಬೈಗುಳವೇ ಇರಲಿಲ್ಲ ಆ ಮಾತಿನಲ್ಲಿ. “ಎತ್ತು ಕಳುವಾದ ದಿನಾನೇ ಪೇಟೇಲಿ ಒಬ್ಬ ಒಂದು ಕೊಂಬು ಮುರಿದ ಎತ್ತು ಮಾರಿದ್ನಂತೆ. ನಮ್ಮದೇ ಅದು. ದಿನ ಸರಿಯಾಗಿ ಬರ್ದಿದೀರಿ ತಾನೆ? ಕಳ್ಳ ಸಿಕ್ಕಾಕ್ಕೊಳ್ಳೋದೇ ಅದ್ರಲ್ಲಿ.”

ಕ್ರೂಮ್ ಚೀಟಿಯನ್ನು ಜೀನಿನ ಮೇಲಿಟ್ಟು ‘ನಿನ್ನೆ’ಯನ್ನು ಹೊಡೆದುಹಾಕಿದ, ಮೇಲೆ ‘ಮೂರು ವಾರದ ಹಿಂದೆ’ ಎಂದು ಬರೆದ.

“ತಿದ್ದಿದ ಜಾಗದಲ್ಲೂ ಒಂದು ರುಜು ಬೇಕಮ್ಮಾ,” ಎಂದ.

ಯೆವ್ದೋಖಾ ನಾಲಿಗೆ ಕಚ್ಚಿಕೊಂಡು ಮತ್ತೆ ಮೊದಲಿನಿಂದ ಹೆಸರು ಬರೆಯತೊಡಗಿದಳು. ಅವಳು ಮುಗಿಸುವವರೆಗೂ ಕ್ರೂಮ್ ಚೀಟಿ ಹಾರದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ.