ಸೋದರಮಾವನ ಪಾಲಿನ ತಲೆ

ಇದು ನಡೆದದ್ದೇ. ನಂಬದವರು ಸೆರೋವೆಯಲ್ಲಿ ದಿತಿರೊ ಮಾವನ ಹೆಂಡತಿಯನ್ನು ಕೇಳಬಹುದು. ಆಕೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಗಂಡನ ವಿಷಯದಲ್ಲಂತೂ ನಿಜ ಹೇಳುವುದೇ ಆಕೆಯ ದೊಡ್ಡ ಸಂತೋಷ.

ಬೆಳಿಗ್ಗೆ ಮೌನ್ ಪಟ್ಟಣದಿಂದ ಹೊರಟ ಪಿಕಪ್ಪಿನಲ್ಲಿ ಮೂವರು ಗೆಳೆಯರಿದ್ದರು. ಮೌನ್‌ನಿಂದ ಹೊರಟರೂ ಗಾಡಿಯೊಳಗೆ ಮೌನವೆಂಬುದು ಇರಲಿಲ್ಲ, ಯಾಕೆಂದರೆ ಒಳಗೆ ಫೆನ್ಯೊ ಇದ್ದ. ಅವನ ಗಂಟಲಲ್ಲಿ ಒಂದು ಇಡೀ ಕಾಡು ಸಂಸಾರ ಹೂಡಿತ್ತು. ಕತ್ತೆಕಿರುಬ, ಉಷ್ಟ್ರಪಕ್ಷಿ, ಕಾಲೇಜಿನ ಪ್ರಿನ್ಸಿಪಾಲರು, ಎಲ್ಲರೂ ಸರದಿಯ ಮೇಲೆ ಹೊರಬರುತ್ತಿದ್ದರು. ಆನೆಯಂತೆ ಘೀಳಿಟ್ಟು ಅವನು ಬೊನೊಲೊಳಿಂದ ಎರಡು ಸಲ ಬ್ರೇಕ್ ಹಾಕಿಸಿದ್ದ. ಗಾಡಿ ಅವಳದು, ಸಿಟ್ಟೂ ಅವಳದೇ. ಮೂರನೆಯ ಸಲ ಘೀಳು ಕೇಳಿದಾಗ ಅವಳು ತಿರುಗಿಯೂ ನೋಡದೆ ಅವನ ತೊಡೆಗೊಂದು ಗುದ್ದಿದಳು. ಫೆನ್ಯೊನ ಬಾಯಿ ತುಂಬ ಕರಿದ ಹಿಟ್ಟಿನ ಉಂಡೆಯಿತ್ತು. ಈ ಸಲ ಕೂಗಿದ್ದು ಆನೆಯೇ. ಅದು ರಸ್ತೆಯ ನಡುವೆ ಬಂದು ನಿಂತು, ಕಿವಿ ಬೀಸಿ, ತನಗೆ ಮನಸ್ಸು ಬಂದಾಗ ಸರಿಯಿತು.

ಹಿಂದೆ, ಐಸ್ ಪೆಟ್ಟಿಗೆಯಲ್ಲಿ, ನಾಲ್ಕನೆಯ ಪ್ರಯಾಣಿಕನಾಗಿ ಆಡಿನ ತಲೆಯೊಂದಿತ್ತು. ಮೂರನೆಯ ಗೆಳೆಯ ಬಕಾಂಗ್‌ನ ಮದುವೆ ಅದರ ಮೇಲೆ ನಿಂತಿತ್ತು. ಅವರ ಸಂಪ್ರದಾಯದಲ್ಲಿ, ಮನೆಯಲ್ಲಿ ಕಡಿದ ಪ್ರಾಣಿಯ ತಲೆ ತಾಯಿಯ ಅಣ್ಣನ ಪಾಲು. ಬಕಾಂಗ್‌ನ ಅಕ್ಕನ ಮದುವೆಯಲ್ಲಿ ಆ ಪಾಲನ್ನು ಯಾರೋ ತಿಂದು ಮುಗಿಸಿದ್ದರು; ಅಂದಿನಿಂದ ದಿತಿರೊ ಮಾವ ಮುನಿಸಿಕೊಂಡು ಕೂತಿದ್ದ. ತಲೆ ಬರದೆ ತಾನು ಕುರ್ಚಿಯಿಂದ ಏಳುವುದಿಲ್ಲ ಎಂದು ಹೇಳಿ ಕಳಿಸಿದ್ದ. ಶನಿವಾರ ಹೆಣ್ಣು ಕೇಳಲು ಹೋಗಬೇಕು. ಮುಂದೆ ನಿಂತು ಮಾತಾಡುವ ಸೋದರಮಾವ ಇಲ್ಲದಿದ್ದರೆ ಹೆಣ್ಣಿನ ಕಡೆಯವರು ಗೇಟನ್ನೇ ತೆಗೆಯುವುದಿಲ್ಲ.

ಎಲ್ಲ ಯೋಚಿಸಿದ್ದ ಬಕಾಂಗ್ ದಾರಿಗಡ್ಡ ಇರುವ ಬೇಲಿಯೊಂದನ್ನು ಮರೆತಿದ್ದ. ದನಗಳ ಕಾಲುಬಾಯಿ ಜ್ವರ ಆಚೆ ದಾಟದಿರಲೆಂದು ಹಾಕಿದ ಆ ಬೇಲಿಯ ಗೇಟಿನಲ್ಲಿ ಚಪ್ಪಲಿಯನ್ನೂ ಔಷಧಿ ನೀರಿಗೆ ಅದ್ದಿಸುತ್ತಾರೆ. ಹಸಿ ಮಾಂಸ ಸಿಕ್ಕರೆ ಸುಡುತ್ತಾರೆ. ಕಾವಲಿನ ಹೆಂಗಸು ಪೆಟ್ಟಿಗೆ ತೆರೆದು ನೋಡಿ, ಬೇಯಿಸಿದ್ದಾದರೆ ತನ್ನ ತಕರಾರಿಲ್ಲ, ಮೋಪಾನೆ ಮರದಡಿ ಜಾಗವಿದೆ, ಸೌದೆ ನೀವೇ ಆರಿಸಿಕೊಳ್ಳಿ ಎಂದಳು.

ಬೊನೊಲೊಳ ಗಾಡಿಯಲ್ಲಿ ಮೂರು ಕಾಲಿನ ಕಬ್ಬಿಣದ ಮಡಕೆ ಸದಾ ಇರುತ್ತಿತ್ತು. ತಲೆ ಕುದಿಯತೊಡಗಿತು. ಬೇಲಿಯಾಚೆ ಜೀಬ್ರಾಗಳು ಸಾಲಾಗಿ ನಿಂತು ನೋಡಿದವು. ಮಧ್ಯಾಹ್ನವಾದಂತೆ ಪರಿಮಳಕ್ಕೆ ಲಾರಿ ಡ್ರೈವರನೊಬ್ಬ ಇಳಿದು ಬಂದು ಸುಮ್ಮನೆ ಪಕ್ಕದಲ್ಲಿ ಕೂತ. ಫೆನ್ಯೊ ಮಡಕೆಯ ಮುಚ್ಚಳ ಎತ್ತಿ ಎತ್ತಿ ನೋಡಿದ. ಬೆಳಗಿನಿಂದ ಎಲ್ಲರ ತಲೆ ತಿಂದವನಿಗೆ ಈಗ ನಿಜವಾದ ತಲೆಯೇ ಎದುರಿಗಿತ್ತು.

ಲಾರಿಯವನ ಫೋನು ಇಸಕೊಂಡು ಫೆನ್ಯೊ ಅಲ್ಲೇ ಇದ್ದ ಆಳೆತ್ತರದ ಹುತ್ತದ ಹಿಂದೆ ಹೋದ. ದಿತಿರೊ ಮಾವ ಯಾವಾಗಲೂ ಯಾರದಾದರೂ ಫೋನಿನಿಂದಲೇ ಮಾತಾಡುವವನು, ಆದ್ದರಿಂದ ನಂಬರಿನ ಭಯವಿರಲಿಲ್ಲ. ಬಕಾಂಗ್‌ಗೆ ಫೋನು ಮಾಡಿ, ಮೊದಲು ಮಾವನ ಹಾಗೆಯೇ ಎರಡು ಕೆಮ್ಮು ಕೆಮ್ಮಿದ.

“ಲೋ ಬಕಾಂಗ್, ಕೇಳಿಲ್ಲಿ. ನನ್ ಹಲ್ಲು ಈಗ ನನ್ ಮಾತು ಕೇಳಲ್ಲ ಕಣೋ. ಆ ತಲೆ ನನ್ ಹೆಸ್ರಲ್ಲಿ ನಿನ್ ಸ್ನೇಹಿತ್ರಿಗೆ ಹಾಕ್ಬಿಡು.”

ಗೆಳೆಯ ಪೆಚ್ಚಾಗಿ ನಿಲ್ಲುತ್ತಾನೆ, ಆಗ ಹೋಗಿ ಬೆನ್ನು ತಟ್ಟಿ ನಗಿಸುವುದು, ಇದಿಷ್ಟೇ ಅವನ ಲೆಕ್ಕ. ಆದರೆ ಹುತ್ತದ ಹಿಂದಿನಿಂದ ಬರುವಷ್ಟರಲ್ಲಿ ಬಕಾಂಗ್‌ನ ಮುಖ ಹಬ್ಬವಾಗಿತ್ತು. ಮಾವನ ಸಿಟ್ಟು ಇಳಿಯಿತು ಎನ್ನುತ್ತ ಅವನು ಕೆನ್ನೆಯ ಮೆತ್ತನೆ ತುಂಡು ಕಿತ್ತು ಮೊದಲು ಫೆನ್ಯೊನಿಗೇ ಚಾಚಿದ. ನಿಜ ಹೇಳಲು ಫೆನ್ಯೊ ಬಾಯಿ ತೆರೆದ. ತೆರೆದ ಬಾಯಿಗೆ ತುಂಡು ಬಿತ್ತು. ಅದು ಎಷ್ಟು ಚೆನ್ನಾಗಿತ್ತೆಂದರೆ ನಿಜಕ್ಕೆ ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಬೊನೊಲೊ ನಾಲಿಗೆ ಮುಗಿಸಿದ್ದಳು, ಲಾರಿಯವನು ಮೂಳೆ ಚೀಪುತ್ತಿದ್ದ.

ಗೇಟು ದಾಟಿ ಬಹಳ ದೂರ ಬಂದಮೇಲೆ, ರಸ್ತೆ ಬದಿಯ ಜಿರಾಫೆಯೊಂದನ್ನು ನೋಡುತ್ತ, ಫೆನ್ಯೊ ತನ್ನದೇ ಸಣ್ಣ ದನಿಯಲ್ಲಿ ಒಪ್ಪಿಕೊಂಡ. ಬೊನೊಲೊ ಗಾಡಿ ನಿಲ್ಲಿಸಿದಳು. ಊರಲ್ಲಿ ಇನ್ನೊಂದು ತಲೆ ಕೊಂಡರಾಯಿತು ಎಂದು ಅವಳೇ ದಾರಿ ಹುಡುಕಿದಳು. ಮನೆಯ ಆಡಿನ ಕಿವಿಗೆ ಕತ್ತರಿಸಿದ ಗುರುತಿರುತ್ತದೆ, ಅದನ್ನು ನೋಡದೆ ಮಾವ ಕೈ ಹಾಕುವುದಿಲ್ಲ ಎಂದ ಬಕಾಂಗ್. ಆಮೇಲೆ ಫೆನ್ಯೊನ ಕಡೆ ನೋಡದೆಯೇ ಹೇಳಿದ: “ನೀನೇ ಬಂದು ಹೇಳ್ಬೇಕು. ನನ್ ಬಾಯಲ್ಲಿ ಬರಲ್ಲ.”

ಸೆರೋವೆ ತಲುಪುವವರೆಗೆ ಫೆನ್ಯೊನ ಗಂಟಲ ಕಾಡಿನಲ್ಲಿ ಒಂದು ಹಕ್ಕಿಯೂ ಕೂಗಲಿಲ್ಲ.

ದಿತಿರೊ ಮಾವ ಅಂಗಳದ ಕುರ್ಚಿಯಲ್ಲಿ, ಕೋಲಿನ ಮೇಲೆ ಗಲ್ಲವಿಟ್ಟು ಕೂತಿದ್ದ. ಬಕಾಂಗ್ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟ. ಮುಚ್ಚಳ ತೆಗೆದ ಮಾವ ಬೋಳು ಬುರುಡೆಯನ್ನೂ ಬಕಾಂಗ್‌ನನ್ನೂ ಒಂದೊಂದು ಸಲ ನೋಡಿದ. ಫೆನ್ಯೊ ಮಣ್ಣಿನಲ್ಲಿ ಮಂಡಿಯೂರಿ, ಫೋನು, ಹುತ್ತ, ಕೆಮ್ಮು, ಒಂದನ್ನೂ ಬಿಡದೆ ಹೇಳಿದ.

“ಹೇಗ್ ಹೇಳ್ದೆಯೋ ಹಾಗೇ ಹೇಳು,” ಎಂದ ಮಾವ.

“ಮಾವ, ಬೇಡ...”

“ಹೇಳು.”

ಫೆನ್ಯೊ ಎರಡು ಸಲ ಕೆಮ್ಮಿದ. ಹಲ್ಲು ಮಾತು ಕೇಳುವುದಿಲ್ಲ, ಸ್ನೇಹಿತರಿಗೆ ಹಾಕಿಬಿಡು, ಎಲ್ಲವನ್ನೂ ಅದೇ ದನಿಯಲ್ಲಿ ಒಪ್ಪಿಸಿದ.

ಒಳಗಿನಿಂದ ಅತ್ತೆಯ ದನಿ ತೇಲಿ ಬಂತು: “ಅಬ್ಬ, ಕೊನೆಗೂ ಒಪ್ಕೊಂಡ್ರಾ. ಇರೋ ಎರಡು ಹಲ್ಲಿಟ್ಕೊಂಡು ತಲೆ ಬೇಕು, ತಲೆ ಬೇಕು ಅಂತ ಕೂತಿದ್ರಿ. ಗಂಜಿ ಆರ್ತಾ ಇದೆ, ಬನ್ನಿ.”

ಮಾವ ಬುರುಡೆಯನ್ನು ಕೈಗೆತ್ತಿಕೊಂಡು ಅದರ ದವಡೆ ಹಲ್ಲುಗಳನ್ನು ಬೆರಳಲ್ಲಿ ಸವರಿದ.

“ಯಾರ್ ಹೆಸ್ರಲ್ಲಿ ತಿಂದ್ರಿ?”

“ನಿಮ್ಮ ಹೆಸ್ರಲ್ಲೇ ಮಾವ,” ಎಂದ ಬಕಾಂಗ್. “ಲಾರಿಯವನು ಸಹ ನಿಮಗೆ ಒಳ್ಳೇದಾಗ್ಲಿ ಅಂದ.”

“ಹಾಗಾದ್ರೆ ನನ್ ಪಾಲು ನಾನೇ ಕೊಟ್ಟ ಹಾಗಾಯ್ತು. ಯಾರೂ ಕಿತ್ಕೊಂಡಿದ್ದಲ್ಲ.” ಅವನು ಕೋಲೂರಿ ಕುರ್ಚಿಯಿಂದ ಎದ್ದ. “ಶನಿವಾರ ಬೆಳಿಗ್ಗೆ ಗಾಡಿ ತಗೊಂಡ್ ಬನ್ನಿ. ಇವನು ಮಾತ್ರ ಬೀಗರ ಮನೇಲಿ ಬಾಯಿ ಬಿಡ್ಕೂಡ್ದು. ನನ್ ದನೀಲಿ ಹೂಂ ಅಂದು ಇವನೇ ಹುಡುಗೀನ ಕರ್ಕೊಂಡ್ ಹೋದಾನು.”

ಬೊನೊಲೊ ಮೊದಲು ನಕ್ಕಳು, ಬಕಾಂಗ್ ನಕ್ಕ, ಫೆನ್ಯೊ ಹೆದರಿ ಹೆದರಿ ನಕ್ಕ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು, ಆಗ ಹಲ್ಲಿನ ಮಾತಾಡಿದ್ದು ಗಂಡನೋ ಬೇರೆ ಯಾರೋ ತಿಳಿಯದೆ ಫೆನ್ಯೊನನ್ನೂ ಗಂಡನನ್ನೂ ಬೆರಗಾಗಿ ನೋಡತೊಡಗಿದಳು. ಅವಳ ಮುಖ ಕಂಡದ್ದೇ ತಡ, ದಿತಿರೊ ಮಾವ ಇರುವ ಎರಡೂ ಹಲ್ಲು ಕಾಣುವಂತೆ, ಪಕ್ಕದ ಮನೆಯ ಕೋಳಿಗಳು ಬೆದರಿ ಓಡುವಂತೆ, ಬುರುಡೆಯನ್ನು ಎದೆಗವಚಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕ.