ಮೊದಲು ಕೊಟ್ಟ ಗುಳಿಗೆ

"ಹಾಗಾದ್ರೆ ಅವತ್ತು ನಂಗೆ ಏನೂ ಆಗಿಲ್ವಾ ಡಾಕ್ಟ್ರೇ?" ಟೇಲರಮ್ಮ ಕುರ್ಚಿಯ ತುದಿಗೆ ಸರಿದು ಕೇಳಿದಳು. ಎರಡು ತಿಂಗಳ ಹಿಂದೆ ಆಸ್ಪತ್ರೆಯ ಔಷಧಿ ಪರೀಕ್ಷೆಗೆಂದು ಅವಳು ಎರಡು ಗುಳಿಗೆ ನುಂಗಿದ್ದಳು.

ಮಗಳ ವಯಸ್ಸಿನ ಡಾಕ್ಟರು ಲಕೋಟೆಯಿಂದ ತೆಗೆದ ಚೀಟಿಯನ್ನು ಇನ್ನೊಮ್ಮೆ ಓದಿಕೊಂಡರು. "ಆಗಬಾರದಿತ್ತು ಅಮ್ಮಾ. ಎರಡನೇ ಗುಳಿಗೆ ಭ್ರಮೆ ತರಿಸೋದು. ಮಿದುಳಲ್ಲಿ ಅದು ಹೋಗಿ ಕೂರೋ ಜಾಗ ಅಂತ ಇರುತ್ತೆ. ನಿಮಗೆ ಮೊದಲು ಕೊಟ್ಟಿದ್ದು ಅದನ್ನ ತಡೆಯೋ ಗುಳಿಗೆ, ಮುಂಚೆನೇ ಹೋಗಿ ಆ ಜಾಗ ಹಿಡ್ಕೊಂಡುಬಿಡುತ್ತೆ. ಇದು ಕೂತಮೇಲೆ ಎರಡನೇದಕ್ಕೆ ಕೆಲಸವೇ ಇಲ್ಲ. ಯಾರಿಗೆ ತಡೆಯೋ ಗುಳಿಗೆ, ಯಾರಿಗೆ ಬರೀ ಸಕ್ಕರೆ ಗುಳಿಗೆ ಅಂತ ನಮಗೂ ಇವತ್ತೇ ಗೊತ್ತಾಗಿದ್ದು."

"ಅಕ್ಕನ್ನ ನೋಡಿದ್ನಲ್ಲ! ಪುಟ್ಟ ಹುಡುಗಿ ಆಗಿದ್ಲು. ನಂಗೆ ಜಡೆ ಹಾಕ್ತಾ ಅಳ್ತಿದ್ಲು."

"ಅದನ್ನೂ ಬರ್ಕೊಂಡಿದ್ದೀವಿ."

"ಮತ್ತೆ ಅದೇನು?"

"ನಂಗೂ ಗೊತ್ತಿಲ್ಲಮ್ಮ."

ಅಮ್ಮನ ಕೊನೆಗಳಿಗೆಯಲ್ಲಿ ಸುದ್ದಿ ಮುಟ್ಟಿಸಲಿಲ್ಲವೆಂದು ಹನ್ನೊಂದು ವರ್ಷ ಟೇಲರಮ್ಮ ಅಕ್ಕನ ಮುಖ ನೋಡಿರಲಿಲ್ಲ. ಆ ಗುಳಿಗೆ ನುಂಗಿದ ಮಾರನೆಯ ದಿನ, ಅರ್ಧ ಹೊಲಿದ ಅಂಗಿಯನ್ನು ಮಿಷನ್ನಿನ ಮೇಲೇ ಬಿಟ್ಟು ಹೋಗಿ ಅಕ್ಕನ ಬಾಗಿಲು ತಟ್ಟಿದ್ದಳು. "ನಾನಾಗಿ ಬಂದಿಲ್ಲ, ಔಷಧಿ ಕರ್ಕೊಂಡು ಬಂತು," ಅಂದಿದ್ದಳು. ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು. ಆ ಒಂದು ಮಾತಿನ ಮರೆಯಲ್ಲಿ ಎರಡು ತಿಂಗಳು ಹಾಯಾಗಿ ಕಳೆದಿತ್ತು. ಸೋತು ಬಂದವಳು ತಾನಲ್ಲ ಎಂಬ ಸಮಾಧಾನ. ಈಗ ನೋಡಿದರೆ ಔಷಧಿ ಕೈ ಕೊಡವಿಕೊಂಡು ಎದ್ದು ಹೋಗಿದೆ. ಅಷ್ಟು ವರ್ಷದ ಸಿಟ್ಟು ತನ್ನದಾಗಿತ್ತೋ, ಅದನ್ನು ಬಿಟ್ಟವಳೂ ತಾನೇನೋ, ಒಂದೂ ತಲೆಗೆ ಹತ್ತಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಕ್ಕ ಕಾಯುತ್ತಿದ್ದಳು. "ಡಾಕ್ಟ್ರು ಏನಂದ್ರೇ? ಔಷಧಿ ಇಳಿದ್ಮೇಲೆ ಮತ್ತೆ ಮುಖ ಊದಿಸ್ಕೊಂಡು ಕೂರ್ತೀಯಂತಾ?"

ಸುಳ್ಳೊಂದು ನಾಲಿಗೆಯ ತುದಿಗೆ ಬಂತು. ಟೇಲರಮ್ಮ ಅದನ್ನು ನುಂಗಿಕೊಂಡಳು. "ಅವತ್ತು ನಂಗೆ ಔಷಧಿ ಹಿಡ್ದೇ ಇಲ್ವಂತೆ ಕಣೇ."

ಅಕ್ಕನ ನಗು ಅಲ್ಲೇ ನಿಂತಿತು. "ಹಂಗಾದ್ರೆ ನಮ್ಮನೆಗೆ ಬಂದಿದ್ದು ಯಾರು?"

"ಅದೇ ನಂಗೂ ತಿಳೀತಿಲ್ಲ."

ಅಕ್ಕ ಬೆಂಚಿನ ಅಂಚು ಹಿಡಿದು ಮೆಲ್ಲಗೆ ಎದ್ದಳು.

ಲಿಫ್ಟು ಕೆಟ್ಟಿತ್ತು. ಅಕ್ಕನಿಗೆ ಮಂಡಿನೋವು. ಟೇಲರಮ್ಮ ಒಂದು ಮೆಟ್ಟಿಲು ಮುಂದೆ ಇಳಿದು, ಗೋಡೆ ಹಿಡಿದು, ಭುಜ ಕೊಟ್ಟಳು. ಅಕ್ಕನ ಕೈ ಮೊದಲು ಹಗುರವಾಗಿ ತಾಗಿತು. ಕೈಯ ಭಾರ ಪೂರ್ತಿ ಬೀಳುವತನಕ ಟೇಲರಮ್ಮ ಮುಂದಿನ ಮೆಟ್ಟಿಲಿಗೆ ಕಾಲಿಡದೆ ನಿಂತಳು.